ಹರಿವು ಶುರುವಾದ ಗಂಟೆಯೊಳಗೇ ಉರಿಯೂತ: ರಕ್ತನಾಳದ ಒಳಪದರದ ಕೋಶಗಳ ಒಂದು ಫ್ಲೋ ಪ್ರಯೋಗದ ಪ್ರಕರಣ ಅಧ್ಯಯನ

ಪ್ರಕರಣ

ಫ್ಲೋ ಪ್ರಯೋಗಕ್ಕೆ (ಕೋಶಗಳ ಮೇಲೆ ದ್ರವ ಹರಿಸಿ ನೋಡುವ ಪ್ರಯೋಗಕ್ಕೆ) ಹೊಸದಾಗಿ ಕೈಹಾಕುವ ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಸ್ಥಿತಿಯನ್ನು ಇಲ್ಲಿ ಬಿಡಿಸಿ ನೋಡಿದ್ದೇವೆ. ಪ್ರಯೋಗದ ಉದ್ದೇಶ ಸರಳವಾದದ್ದು. ರಕ್ತನಾಳದ ಒಳಮೈಯನ್ನು ಮುಚ್ಚಿರುವ ಎಂಡೋಥೀಲಿಯಲ್ ಕೋಶಗಳನ್ನು ಮೂರು ಬಗೆಯಲ್ಲಿ ಇಡಬೇಕು. ಒಂದು ಸ್ಲೈಡ್‌ನಲ್ಲಿ ಹರಿವೇ ಇರುವುದಿಲ್ಲ, ಇದು ಸ್ಟ್ಯಾಟಿಕ್ ಸ್ಲೈಡ್. ಎರಡನೆಯದರಲ್ಲಿ ಒಂದೇ ದಿಕ್ಕಿನ, ಏರಿಳಿತವಿಲ್ಲದ ಲ್ಯಾಮಿನಾರ್ ಹರಿವು, ಶಿಯರ್ ಒತ್ತಡ 12 ಡೈನ್. ಮೂರನೆಯದರಲ್ಲಿ ಸೆಕೆಂಡಿಗೊಮ್ಮೆ ಹಿಂದಕ್ಕೂ ಮುಂದಕ್ಕೂ ಓಲಾಡುವ ಹರಿವು, 0±5 ಡೈನ್. (ಈ ಬರಹದಲ್ಲಿ ಡೈನ್ ಎಂದಾಗಲೆಲ್ಲ ಚದರ ಸೆಂಟಿಮೀಟರಿಗೆ ಡೈನ್ ಎಂದು ಓದಿಕೊಳ್ಳಿ, 10 ಡೈನ್ ಎಂದರೆ 1 ಪಾಸ್ಕಲ್.) ಶಿಯರ್ ಒತ್ತಡವೆಂದರೆ ಹರಿಯುವ ದ್ರವ ಕೋಶದ ಮೇಲ್ಮೈಯನ್ನು ಉಜ್ಜುತ್ತ ತನ್ನ ದಿಕ್ಕಿಗೆ ಎಳೆಯುವ ಬಲ.

ಸ್ಲೈಡ್‌ನೊಳಗೆ ದ್ರವ ಹರಿಯುವ ಚಾನೆಲ್‌ನ ಉದ್ದ 50 ಮಿ.ಮೀ., ಅಗಲ 5 ಮಿ.ಮೀ., ಎತ್ತರ 0.4 ಮಿ.ಮೀ. ಅದರಲ್ಲಿ ಹಿಡಿಸುವ ದ್ರವ 100 ಮೈಕ್ರೊಲೀಟರ್, ಕೋಶ ಬೆಳೆಯುವ ನೆಲ 2.5 ಚದರ ಸೆಂ.ಮೀ. ತಳಕ್ಕೆ ಫೈಬ್ರೊನೆಕ್ಟಿನ್ ಎಂಬ ಅಂಟು ಪ್ರೋಟೀನಿನ ಲೇಪ ಕೊಟ್ಟು, ಹೊಕ್ಕುಳಬಳ್ಳಿಯ ಅಭಿಧಮನಿಯಿಂದ ತೆಗೆದ ಕೋಶಗಳನ್ನು (ಎಲ್ಲರೂ ಹ್ಯೂವೆಕ್ ಎಂದು ಕರೆಯುವಂಥವು, ಮೂರನೇ ಪ್ಯಾಸೇಜ್, ಅಂದರೆ ಮೂರು ಸಲ ಹೊಸ ತಟ್ಟೆಗೆ ವರ್ಗಾಯಿಸಿ ಬೆಳೆಸಿದವು) ಮಿಲಿಲೀಟರಿಗೆ 15 ಲಕ್ಷದ ಸಾಂದ್ರತೆಯಲ್ಲಿ ಬಿತ್ತಲಾಗಿದೆ. ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 60 ಸಾವಿರ ಕೋಶ. ಮರುದಿನ ಪದರ ಸಂದಿಲ್ಲದಂತೆ ಕೂಡಿಕೊಂಡ ಮೇಲೆ, ರೋಲರ್‌ಗಳಿಂದ ಟ್ಯೂಬನ್ನು ಒತ್ತಿ ದ್ರವ ತಳ್ಳುವ ಪೆರಿಸ್ಟಾಲ್ಟಿಕ್ ಪಂಪ್‌ಗೆ ಜೋಡಿಸಿ, ಹರಿವನ್ನು ಒಮ್ಮೆಗೇ ಪೂರ್ತಿ ವೇಗಕ್ಕೆ ತಂದು, ಒಂದು ಗಂಟೆಯ ನಂತರ ಒಂದು ಗುಂಪಿನ ಸ್ಲೈಡ್‌ಗಳನ್ನು ಫಿಕ್ಸ್ ಮಾಡಿ (ಕೋಶಗಳನ್ನು ಇದ್ದ ಸ್ಥಿತಿಯಲ್ಲೇ ರಾಸಾಯನಿಕದಿಂದ ಸ್ಥಿರಗೊಳಿಸಿ) ಪಿ65 ಪ್ರೋಟೀನನ್ನು ಹೊಳೆಯುವ ಬಣ್ಣದಿಂದ ಸ್ಟೇನ್ ಮಾಡಲಾಗಿದೆ. ಇನ್ನೊಂದು ಗುಂಪಿನಲ್ಲಿ 6 ಗಂಟೆಗೆ ಐಕ್ಯಾಮ್-1 (ಬಿಳಿ ರಕ್ತಕಣಗಳು ಅಂಟಿಕೊಳ್ಳಲೆಂದು ಕೋಶ ತನ್ನ ಮೇಲ್ಮೈಗೆ ತರುವ ಪ್ರೋಟೀನ್) ಅಳೆಯಲಾಗಿದೆ.

ಪಿ65 ಎಂಬುದು ಎನ್‌ಎಫ್-ಕಪ್ಪಾ-ಬಿ ಎಂಬ ಉರಿಯೂತದ ಮುಖ್ಯ ಸ್ವಿಚ್‌ನ ಒಂದು ಭಾಗ. ಕೋಶ ಶಾಂತವಾಗಿದ್ದಾಗ ಅದು ಸೈಟೊಪ್ಲಾಸಂನಲ್ಲಿರುತ್ತದೆ, ಕೋಶ ಕೆರಳಿದಾಗ ನ್ಯೂಕ್ಲಿಯಸ್ ಸೇರುತ್ತದೆ. ಲ್ಯಾಮಿನಾರ್ ಹರಿವು ರಕ್ಷಕ ಎಂಬುದು ಪಠ್ಯಪುಸ್ತಕದ ಮಾತಾದ್ದರಿಂದ, ಆ ಸ್ಲೈಡ್‌ನಲ್ಲಿ ನ್ಯೂಕ್ಲಿಯಸ್‌ಗಳು ಕಪ್ಪಗೆ, ಖಾಲಿಯಾಗಿ ಕಾಣಬೇಕೆಂದು ಎಲ್ಲರ ನಿರೀಕ್ಷೆ. ಕಂಡದ್ದೇ ಬೇರೆ. ಲ್ಯಾಮಿನಾರ್ ಸ್ಲೈಡ್‌ನ ನ್ಯೂಕ್ಲಿಯಸ್‌ಗಳಲ್ಲಿ ಪಿ65 ಹಸಿರಾಗಿ ತುಂಬಿದೆ, ಓಲಾಟದ ಸ್ಲೈಡ್‌ನಲ್ಲೂ ಹಾಗೆಯೇ ಇದೆ, ಎರಡನ್ನೂ ಬೇರೆ ಮಾಡಿ ಹೇಳಲು ಬರುವುದಿಲ್ಲ. ಶಾಂತವಾಗಿರುವುದು ಹರಿವೇ ಇಲ್ಲದ ಸ್ಲೈಡ್ ಮಾತ್ರ. 6 ಗಂಟೆಯ ಐಕ್ಯಾಮ್-1 ಕೂಡ ಲ್ಯಾಮಿನಾರ್ ಸ್ಲೈಡ್‌ನಲ್ಲಿ ಸ್ಟ್ಯಾಟಿಕ್‌ಗಿಂತ ಹೆಚ್ಚಿದೆ.

ಇಂಥ ಚಿತ್ರ ನೋಡಿದ ಕೂಡಲೇ ಕೆಲವರು ಕೋಶಗಳನ್ನು ಬೆಳೆಸುವ ದ್ರವ, ಅಂದರೆ ಮಾಧ್ಯಮ, ಕಲುಷಿತವಾಗಿದೆ ಎನ್ನುತ್ತಾರೆ, ಕೆಲವರು ಪಂಪ್ ಸರಿಯಿಲ್ಲ ಎನ್ನುತ್ತಾರೆ. ಎರಡನ್ನೂ ಪರೀಕ್ಷಿಸಲೇಬೇಕು. ಆದರೆ ಈ ಪ್ರಕರಣದ ಮುಖ್ಯ ಕಾರಣ ಎರಡರಲ್ಲೂ ಇಲ್ಲ.

ಮೊದಲು ಲೆಕ್ಕ

ಜೀವಶಾಸ್ತ್ರದ ಮಾತಿಗೆ ಮುಂಚೆ, 12 ಡೈನ್ ನಿಜವಾಗಿಯೂ 12 ಡೈನೇ ಎಂದು ಖಚಿತಪಡಿಸಿಕೊಳ್ಳಬೇಕು. ಅಗಲಕ್ಕೆ ಹೋಲಿಸಿದರೆ ಎತ್ತರ ಬಹಳ ಕಡಿಮೆ ಇರುವ ಚಾನೆಲ್‌ನಲ್ಲಿ ತಳದ ಶಿಯರ್ ಒತ್ತಡದ ಸೂತ್ರ ಇದು: ಸ್ನಿಗ್ಧತೆಯನ್ನು ಹರಿವಿನ ಪ್ರಮಾಣದಿಂದ ಗುಣಿಸಿ, ಅದನ್ನು 6ರಿಂದ ಗುಣಿಸಿ, ಅಗಲ ಮತ್ತು ಎತ್ತರದ ವರ್ಗ ಇವೆರಡರ ಗುಣಲಬ್ಧದಿಂದ ಭಾಗಿಸಬೇಕು. ನಮ್ಮ ಚಾನೆಲ್‌ನಲ್ಲಿ ಆ ಗುಣಲಬ್ಧ 0.5 × 0.04 × 0.04, ಅಂದರೆ 0.0008 ಘನ ಸೆಂ.ಮೀ.

ಎಡವುವುದು ಸ್ನಿಗ್ಧತೆಯಲ್ಲಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಸ್ನಿಗ್ಧತೆ 0.01 ಪಾಯ್ಸ್. ಅದನ್ನೇ ಹಾಕಿದರೆ 12 ಡೈನ್‌ಗೆ ನಿಮಿಷಕ್ಕೆ 9.6 ಮಿ.ಲೀ. ಸಾಕು ಎಂದು ಬರುತ್ತದೆ. ಆದರೆ ಪ್ರಯೋಗ ನಡೆಯುವುದು 37 ಡಿಗ್ರಿಯಲ್ಲಿ. ಆ ತಾಪದಲ್ಲಿ ಸೀರಂ ಬೆರೆತ ಮಾಧ್ಯಮದ ಸ್ನಿಗ್ಧತೆ ಸುಮಾರು 0.0072 ಪಾಯ್ಸ್. ಹಾಗಾಗಿ 9.6 ಮಿ.ಲೀ.ಗೆ ನಿಜವಾಗಿ ಸಿಗುವುದು 8.6 ಡೈನ್ ಮಾತ್ರ. 12 ಬೇಕಾದರೆ ನಿಮಿಷಕ್ಕೆ ಸುಮಾರು 13.3 ಮಿ.ಲೀ. ಹರಿಯಬೇಕು. ಪಕ್ಕದ ಗೋಡೆಗಳ ಪರಿಣಾಮ ಸೇರಿಸಿದರೆ ಅದೇ ಹರಿವಿಗೆ ಒತ್ತಡ ಇನ್ನೊಂದು 5 ಶೇಕಡದಷ್ಟು ಏರುತ್ತದೆ, ಅಷ್ಟು ವ್ಯತ್ಯಾಸದಿಂದ ತೀರ್ಮಾನ ಬದಲಾಗುವುದಿಲ್ಲ. ಎತ್ತರದ ವಿಷಯದಲ್ಲಿ ಮಾತ್ರ ಸಡಿಲ ಬಿಡುವಂತಿಲ್ಲ. ಎತ್ತರದ ವರ್ಗದಿಂದ ಭಾಗಿಸುವುದರಿಂದ, ಗ್ಯಾಸ್ಕೆಟ್ ಬಿಗಿ ಮಾಡುವಾಗ ಅದು 0.4ರಿಂದ 0.36ಕ್ಕೆ ಕುಗ್ಗಿದರೂ ಒತ್ತಡ 23 ಶೇಕಡ ಹೆಚ್ಚಾಗುತ್ತದೆ. ತಿರುಪು ಬಿಗಿದು ಜೋಡಿಸುವ ಚೇಂಬರ್‌ಗಳಲ್ಲಿ ಒಂದು ಸ್ಲೈಡ್‌ಗೂ ಇನ್ನೊಂದಕ್ಕೂ ಫಲಿತಾಂಶ ಹೊಂದದಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಹರಿವು ಲ್ಯಾಮಿನಾರ್ ಹೌದೇ ಎಂಬ ಸಂದೇಹಕ್ಕೆ ಇಲ್ಲಿ ಜಾಗವಿಲ್ಲ. 13.3 ಮಿ.ಲೀ.ಗೆ ಸರಾಸರಿ ವೇಗ ಸೆಕೆಂಡಿಗೆ 11 ಸೆಂ.ಮೀ., ಹರಿವು ಪ್ರಕ್ಷುಬ್ಧವಾಗುವುದೇ ಎಂದು ಹೇಳುವ ರೆನಾಲ್ಡ್ಸ್ ಸಂಖ್ಯೆ ಸುಮಾರು 115. ಪ್ರಕ್ಷುಬ್ಧತೆ ಶುರುವಾಗುವುದು 2000ದ ಆಸುಪಾಸಿನಲ್ಲಿ. ಆದರೆ ಒಳಬರುವ ದ್ರವ ತನ್ನ ಸ್ಥಿರ ರೂಪಕ್ಕೆ ಬರಲು ಮೊದಲ 4 ಮಿ.ಮೀ.ಯಷ್ಟು ದೂರ ಬೇಕು. ಸೂಕ್ಷ್ಮದರ್ಶಕದಲ್ಲಿ ಇದು ಕಣ್ಣಿಗೇ ಕಾಣುತ್ತದೆ: 24 ಗಂಟೆಯ ಸ್ಲೈಡ್‌ನಲ್ಲಿ ನಡುಭಾಗದ ಕೋಶಗಳೆಲ್ಲ ಒಂದೇ ದಿಕ್ಕಿಗೆ ಮಲಗಿದ್ದರೆ, ದ್ರವ ಒಳಬರುವ ರಂಧ್ರದ ಬಳಿಯವು ಬೀಸಣಿಗೆಯ ಕಡ್ಡಿಗಳಂತೆ ಹರಡಿಕೊಂಡಿರುತ್ತವೆ. ಎರಡೂ ತುದಿಯ 10 ಮಿ.ಮೀ. ಬಿಟ್ಟು ನಡುವಿನ 30 ಮಿ.ಮೀ.ಯಲ್ಲಷ್ಟೇ ಚಿತ್ರ ತೆಗೆಯಬೇಕು. ಇಡೀ ಚಾನೆಲ್‌ನ ಕೋಶಗಳನ್ನು ಲೈಸ್ ಮಾಡಿ (ಒಡೆದು) ಆರ್‌ಎನ್‌ಎ ತೆಗೆದಾಗ ಈ ಆಯ್ಕೆ ಕೈತಪ್ಪುತ್ತದೆ, ತುದಿಯ ಕೋಶಗಳ ಸಂಕೇತವೂ ಅದರಲ್ಲಿ ಸೇರಿಹೋಗುತ್ತದೆ.

ನಮ್ಮ ಪ್ರಕರಣದಲ್ಲಿ ಲೆಕ್ಕ ತಪ್ಪಿ 8.6 ಡೈನ್ ಹರಿದಿತ್ತು ಎಂದೇ ಇಟ್ಟುಕೊಳ್ಳೋಣ. ಅದು ತಿದ್ದಬೇಕಾದ ತಪ್ಪು. ಹ್ಯೂವೆಕ್ ಕೋಶಗಳು ಚೆನ್ನಾಗಿ ಹೊಂದಿಕೊಂಡು ಸಾಲುಗಟ್ಟುವುದು ಸುಮಾರು 10ರಿಂದ 20 ಡೈನ್ ನಡುವೆ, 8.6 ಅದರ ಕೆಳಗಿದೆ. ಹಾಗಿದ್ದೂ ಒಂದೇ ಗಂಟೆಯಲ್ಲಿ ಪಿ65 ನ್ಯೂಕ್ಲಿಯಸ್ ಸೇರಿದ್ದಕ್ಕೆ ಇದು ಉತ್ತರವಲ್ಲ.

ಪಂಪ್, ಗುಳ್ಳೆ, ಎಂಡೋಟಾಕ್ಸಿನ್

ಪೆರಿಸ್ಟಾಲ್ಟಿಕ್ ಪಂಪ್‌ನ ರೋಲರ್ ಟ್ಯೂಬ್‌ನಿಂದ ಮೇಲೇಳುವ ಕ್ಷಣದಲ್ಲಿ ಹರಿವು ಕುಸಿಯುತ್ತದೆ, ಕೆಲವೊಮ್ಮೆ ಹಿಂದಕ್ಕೂ ಸರಿಯುತ್ತದೆ. 4 ರೋಲರ್ ಇರುವ ತಲೆ ನಿಮಿಷಕ್ಕೆ 30 ಸುತ್ತು ತಿರುಗಿದರೆ ಸೆಕೆಂಡಿಗೆ 2 ಸಲ ಹೀಗಾಗುತ್ತದೆ. ಹಿಮ್ಮುಖ ಹರಿವು ಇದ್ದರೆ "ಲ್ಯಾಮಿನಾರ್" ಎಂದು ಹೆಸರು ಬರೆದ ಸ್ಲೈಡ್ ಅರ್ಧ ಓಲಾಟದ ಸ್ಲೈಡೇ ಆಗಿರುತ್ತದೆ. ಒಂದು ನಿಮಿಷ ಹರಿದ ದ್ರವವನ್ನು ಹಿಡಿದು ತೂಗಿದರೆ ಸಿಗುವುದು ಸರಾಸರಿ, ಕ್ಷಣಕ್ಷಣದ ಏರಿಳಿತ ಅದರಲ್ಲಿ ಕಾಣುವುದಿಲ್ಲ. ಅದಕ್ಕೆ ಟ್ಯೂಬ್‌ಗೆ ಹೊರಗಿನಿಂದ ಕಚ್ಚಿಸುವ ಫ್ಲೋ ಸೆನ್ಸರ್ ಬೇಕು. ಇಲ್ಲವಾದರೆ ಮಾಧ್ಯಮದಲ್ಲಿ ಸೂಕ್ಷ್ಮ ಮಣಿಗಳನ್ನು ಬಿಟ್ಟು ವೇಗದ ಕ್ಯಾಮೆರಾದಲ್ಲಿ ನೋಡಬೇಕು. ಪರಿಹಾರ ಸುಲಭ: ಪಂಪ್ ಮತ್ತು ಸ್ಲೈಡ್ ನಡುವೆ ಅರ್ಧ ಗಾಳಿ ತುಂಬಿದ, ಮುಚ್ಚಿದ ಬಾಟಲಿಯೊಂದನ್ನು ಡ್ಯಾಂಪರ್ ಆಗಿ ಇಡುವುದು. ಗಾಳಿ ಕುಗ್ಗಿ ಹಿಗ್ಗಿ ಏಟನ್ನು ನುಂಗಿಕೊಳ್ಳುತ್ತದೆ.

ಗುಳ್ಳೆಯ ಗುರುತು ಬೇರೆ ರೀತಿಯದು. ಗಾಳಿಗುಳ್ಳೆ ಚಾನೆಲ್‌ನಲ್ಲಿ ಸಾಗುವಾಗ ಅದರ ಅಂಚಿನ ಮೇಲ್ಮೈ ಎಳೆತ ಕೋಶಗಳನ್ನು ಕೆರೆದು ಹಾಕುತ್ತದೆ. ಸ್ಟೇನ್ ಮಾಡಿದ ಮೇಲೆ ಉದ್ದಕ್ಕೂ ಬರಿದಾದ ಒಂದು ಪಟ್ಟೆ, ಅದರ ಎರಡೂ ಅಂಚಿನ ಕೋಶಗಳಲ್ಲಿ ಮಾತ್ರ ಹೆಚ್ಚು ಹೊಳಪು, ದೂರ ಹೋದಂತೆ ಮಂಕು: ಹೀಗಿದ್ದರೆ ಅದು ಗಾಯಕ್ಕೆ ಕೋಶಗಳು ಕೊಟ್ಟ ಪ್ರತಿಕ್ರಿಯೆ, ಶಿಯರ್‌ಗೆ ಕೊಟ್ಟದ್ದಲ್ಲ. ತಣ್ಣನೆಯ ಮಾಧ್ಯಮ ಬಿಸಿಯಾಗುತ್ತ ಗಾಳಿ ಬಿಡುತ್ತದೆ. ಹಾಗಾಗಿ ಮಾಧ್ಯಮ, ಟ್ಯೂಬ್, ಸ್ಲೈಡ್ ಮೂರನ್ನೂ ಹಿಂದಿನ ರಾತ್ರಿಯೇ ಇನ್‌ಕ್ಯುಬೇಟರ್‌ನಲ್ಲಿ ಇಟ್ಟಿರಬೇಕು. ಈ ಪ್ರಕರಣದಲ್ಲಿ ಹೊಳಪು ಚಾನೆಲ್ ಪೂರ್ತಿ ಸಮನಾಗಿದೆ, ಆದ್ದರಿಂದ ಗುಳ್ಳೆಯನ್ನು ಬಿಟ್ಟುಬಿಡಬಹುದು.

ಎಂಡೋಟಾಕ್ಸಿನ್ ವಿಷಯ ಗಂಭೀರ. ಟ್ಯೂಬ್‌ಗಳನ್ನು ಆಟೋಕ್ಲೇವ್ ಮಾಡಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಅದರ ಗೋಡೆಯ ಲಿಪೊಪಾಲಿಸ್ಯಾಕರೈಡ್, ಅಂದರೆ ಎಂಡೋಟಾಕ್ಸಿನ್, ಮಾತ್ರ ಹಾಗೇ ಉಳಿಯುತ್ತದೆ. ಅದನ್ನು ನಾಶಮಾಡಲು 250 ಡಿಗ್ರಿಯ ಒಣ ಶಾಖ ಅರ್ಧ ಗಂಟೆ ಬೇಕು, ಅದನ್ನು ತಡೆದುಕೊಳ್ಳುವುದು ಗಾಜು, ಲೋಹದಂಥವು ಮಾತ್ರ. ಪದೇ ಪದೇ ಬಳಸಿದ ಸಿಲಿಕೋನ್ ಟ್ಯೂಬ್‌ಗೆ ಇರುವ ದಾರಿ ಬಿಸಾಡುವುದೊಂದೇ. ಸೀರಂ ಇದ್ದಾಗ ಎಂಡೋಥೀಲಿಯಲ್ ಕೋಶಗಳು ಅತಿ ಕಡಿಮೆ ಎಂಡೋಟಾಕ್ಸಿನ್‌ಗೂ ಐಕ್ಯಾಮ್-1ರಂಥವೇ ಆದ ಇ-ಸೆಲೆಕ್ಟಿನ್, ವಿಕ್ಯಾಮ್-1 ಎಂಬ ಅಂಟು ಪ್ರೋಟೀನ್‌ಗಳನ್ನು ಮೇಲ್ಮೈಗೆ ತರುತ್ತವೆ, ಅದೂ ಎನ್‌ಎಫ್-ಕಪ್ಪಾ-ಬಿ ದಾರಿಯಲ್ಲೇ. ಹರಿವಿನ ಸ್ಲೈಡ್‌ಗಳಿಗೆ ಟ್ಯೂಬ್ ಇದೆ, ಸ್ಟ್ಯಾಟಿಕ್ ಸ್ಲೈಡ್‌ಗೆ ಇಲ್ಲ. ಆದ್ದರಿಂದ ಕಲುಷಿತ ಟ್ಯೂಬ್ ಕೊಡುವ ಚಿತ್ರವೂ ನಮ್ಮ ಮುಂದಿರುವ ಚಿತ್ರವೂ ಮೇಲ್ನೋಟಕ್ಕೆ ಒಂದೇ.

ಇದನ್ನು ಬೇರ್ಪಡಿಸುವ ಪರೀಕ್ಷೆಗೆ ಖರ್ಚೇನೂ ಇಲ್ಲ, ಆದರೂ ಇದನ್ನು ಮಾಡದೆ ಮುಂದೆ ಹೋಗುವವರೇ ಹೆಚ್ಚು. ಕೋಶಗಳಿಲ್ಲದ ಖಾಲಿ ಸ್ಲೈಡ್ ಹಾಕಿ ಪೂರ್ತಿ ಸರ್ಕ್ಯೂಟ್‌ನಲ್ಲಿ ಮಾಧ್ಯಮವನ್ನು 37 ಡಿಗ್ರಿಯಲ್ಲಿ 24 ಗಂಟೆ ಓಡಿಸಿ. ಆ ಮಾಧ್ಯಮವನ್ನು ಸ್ಟ್ಯಾಟಿಕ್ ಕೋಶಗಳ ಮೇಲೆ ಹಾಕಿ ಒಂದು ತಟ್ಟೆಯಲ್ಲಿ 30ರಿಂದ 60 ನಿಮಿಷಕ್ಕೆ ಪಿ65, ಇನ್ನೊಂದರಲ್ಲಿ 4ರಿಂದ 6 ಗಂಟೆಗೆ ಇ-ಸೆಲೆಕ್ಟಿನ್ ನೋಡಿ. ಪಕ್ಕದಲ್ಲಿ ಮಿಲಿಲೀಟರಿಗೆ 10 ನ್ಯಾನೊಗ್ರಾಂನಷ್ಟು, ಉರಿಯೂತ ಎಬ್ಬಿಸುವ ಸಂಕೇತ ಪ್ರೋಟೀನಾದ ಟಿಎನ್‌ಎಫ್-ಆಲ್ಫಾ ಹಾಕಿದ ತಟ್ಟೆ ಪಾಸಿಟಿವ್ ಕಂಟ್ರೋಲ್ ಆಗಿರಲಿ. ಸುತ್ತಿಬಂದ ಮಾಧ್ಯಮ ಸ್ಟ್ಯಾಟಿಕ್ ಕೋಶಗಳನ್ನು ಕೆರಳಿಸಿದರೆ ಪ್ರಯೋಗ ಅಲ್ಲಿಗೇ ನಿಲ್ಲಬೇಕು. ಕೆರಳಿಸದಿದ್ದರೆ ಬಲವೇ ಸಂಕೇತ ಕೊಟ್ಟಿದೆ ಎಂದಾಯಿತು. ಈ ಪ್ರಕರಣ ಎರಡನೆಯ ಬಗೆಯದು.

ನಿಜವಾದ ಕಾರಣ: ಹರಿವಿನ ಆರಂಭವೇ ಒಂದು ಪ್ರಚೋದನೆ

ನಿಂತ ದ್ರವದಲ್ಲಿ ಬೆಳೆದ ಕೋಶದ ಮೇಲೆ ಹಠಾತ್ತನೆ 12 ಡೈನ್ ಹರಿಸಿದರೆ, ಆ ಹರಿವು ಎಷ್ಟೇ ನಯವಾಗಿದ್ದರೂ, ಕೋಶ ಮೊದಲು ಕೆರಳುತ್ತದೆ. ಲ್ಯಾಮಿನಾರ್ ಹರಿವು ಉರಿಯೂತವನ್ನು ಅಡಗಿಸುತ್ತದೆ ಎಂಬುದು ಹರಿವಿಗೆ ಹೊಂದಿಕೊಂಡ ಕೋಶದ ಬಗ್ಗೆ ಹೇಳಿದ ಮಾತು. ಹೊಂದಿಕೊಳ್ಳಲು ಕೋಶಕ್ಕೆ ಹತ್ತಾರು ಗಂಟೆ ಬೇಕು. ಒಂದು ಗಂಟೆಗೆ ಫಿಕ್ಸ್ ಮಾಡಿದ ಸ್ಲೈಡ್ ಆ ಹೊಂದಾಣಿಕೆಯ ಅತಿ ಗದ್ದಲದ ಘಟ್ಟವನ್ನು ಹಿಡಿದಿದೆ. ಅಲ್ಲಿ ಲ್ಯಾಮಿನಾರ್, ಓಲಾಟ ಎಂಬ ಭೇದ ಕಾಣದಿರುವುದು ಸಹಜ, ಏಕೆಂದರೆ ಎರಡಕ್ಕೂ ಮೊದಲು ಎಚ್ಚರಗೊಳ್ಳುವ ಗ್ರಾಹಕಗಳು ಅವವೇ.

ಕೋಶಗಳ ಸಂದಿಯಲ್ಲಿ ಪಿಕ್ಯಾಮ್-1, ವಿಇ-ಕ್ಯಾಡ್ಹೆರಿನ್, ವಿಇಜಿಎಫ್ ಗ್ರಾಹಕ-2 ಎಂಬ ಮೂರು ಪ್ರೋಟೀನ್‌ಗಳು ಕೂಡಿ ಕೆಲಸ ಮಾಡುತ್ತವೆ ಎಂಬುದು 2005ರಲ್ಲಿ ಸ್ಪಷ್ಟವಾಯಿತು. ಬಲವನ್ನು ಹೊರುವುದು ಪಿಕ್ಯಾಮ್-1. ವಿಇ-ಕ್ಯಾಡ್ಹೆರಿನ್ ನಡುವಿನ ಕೊಂಡಿ. ವಿಇಜಿಎಫ್ ಎಂಬ ಬೆಳವಣಿಗೆ ಸಂಕೇತದ ಅಣು ಬಂದು ಅಂಟದಿದ್ದರೂ ಗ್ರಾಹಕ-2 ಚುರುಕಾಗಿ ಪಿಐ3ಕೆ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಕೋಶದ ತಳದಲ್ಲಿದ್ದು ಅದನ್ನು ನೆಲಕ್ಕೆ ಹಿಡಿದಿಡುವ ಇಂಟೆಗ್ರಿನ್‌ಗಳು ಅದರಿಂದ ಬಿಗಿಯಾಗಿ, ತಳದ ಮ್ಯಾಟ್ರಿಕ್ಸ್‌ಗೆ ಹೊಸದಾಗಿ ಅಂಟಿಕೊಳ್ಳುತ್ತವೆ. ಇನ್ನೊಂದು ಕಡೆ ಪೊರೆಯಲ್ಲಿರುವ ಪಿಯೆಜೊ1 ಅಯಾನು ದ್ವಾರ ತೆರೆದು ಕ್ಯಾಲ್ಸಿಯಂ ಒಳಬರುತ್ತದೆ, ಎಟಿಪಿ ಹೊರಹೋಗುತ್ತದೆ, ಆ ಎಟಿಪಿ ಅದೇ ಕೋಶದ ಪಿ2ವೈ2 ಗ್ರಾಹಕಕ್ಕೆ ಬಡಿಯುತ್ತದೆ. ಪಿಯೆಜೊ ದ್ವಾರಗಳನ್ನು ಪತ್ತೆಹಚ್ಚಿದ ಆರ್ಡೆಮ್ ಪಟಾಪೂಟಿಯನ್ ಅವರಿಗೆ 2021ರಲ್ಲಿ ವೈದ್ಯಕೀಯ ನೊಬೆಲ್ ಹಂಚಿಕೆಯಾಯಿತು.

ಈ ದಾರಿಗಳು ಹೋಗಿ ಸೇರುವ ಒಂದು ಜಾಗ ಐಕೆಕೆ ಕಿಣ್ವ. ಪಿ65 ಅನ್ನು ಸೈಟೊಪ್ಲಾಸಂನಲ್ಲಿ ಕಟ್ಟಿಹಾಕಿರುವ ಐ-ಕಪ್ಪಾ-ಬಿ-ಆಲ್ಫಾಗೆ ಐಕೆಕೆ ಫಾಸ್ಫೇಟ್ ಅಂಟಿಸುತ್ತದೆ. ಆಗ ಐ-ಕಪ್ಪಾ-ಬಿ-ಆಲ್ಫಾ, ಕೋಶದಲ್ಲಿ ಪ್ರೋಟೀನ್ ಒಡೆಯುವ ಘಟಕವಾದ ಪ್ರೋಟಿಯಾಸೋಮ್‌ಗೆ ಹೋಗಿ ನಾಶವಾಗುತ್ತದೆ, ಬಿಡುಗಡೆಯಾದ ಪಿ65 ನ್ಯೂಕ್ಲಿಯಸ್ ಸೇರುತ್ತದೆ. ಅಲ್ಲಿ ಅದು ಓದಿಸುವ ಜೀನ್‌ಗಳಲ್ಲಿ ಐ-ಕಪ್ಪಾ-ಬಿ-ಆಲ್ಫಾದ ಜೀನ್ ಕೂಡ ಒಂದು. ಹೊಸದಾಗಿ ತಯಾರಾದ ಪ್ರೋಟೀನ್ ಪಿ65 ಅನ್ನು ಮತ್ತೆ ಹೊರಗೆಳೆಯುತ್ತದೆ. ಒಂದೇ ದಿಕ್ಕಿನ ಹರಿವಿನಲ್ಲಿ ಹೀಗೆ ಸಂಕೇತ ಏರಿ, ಕೆಲವು ಗಂಟೆಗಳಲ್ಲಿ ಇಳಿಯುತ್ತದೆ.

ಇಳಿದದ್ದು ಮತ್ತೆ ಏಳದಂತೆ ನೋಡಿಕೊಳ್ಳುವುದು ಒಂದನ್ನೊಂದು ಎಬ್ಬಿಸುವ ಪ್ರೋಟೀನ್‌ಗಳ ಇನ್ನೊಂದು ದಾರಿ: ಎಂಇಕೆ5, ಇಆರ್‌ಕೆ5, ಎಂಇಎಫ್2, ಅಲ್ಲಿಂದ ಕೆಎಲ್‌ಎಫ್2 ಮತ್ತು ಕೆಎಲ್‌ಎಫ್4. ಕೆಎಲ್‌ಎಫ್2 ಹೆಚ್ಚಾದಂತೆ ನೈಟ್ರಿಕ್ ಆಕ್ಸೈಡ್ ತಯಾರಿಸುವ ಇಎನ್‌ಒಎಸ್ ಏರುತ್ತದೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಥ್ರಾಂಬೊಮಾಡ್ಯುಲಿನ್ ಏರುತ್ತದೆ. ಜೊತೆಗೆ ಪಿ65ಗೆ ತನ್ನ ಜೀನ್‌ಗಳನ್ನು ಓದಿಸಲು ಬೇಕಾದ ಪಿ300/ಸಿಬಿಪಿ ಸಹಾಯಕ ಪ್ರೋಟೀನ್‌ಗಳನ್ನು ಕೆಎಲ್‌ಎಫ್2 ತನ್ನೆಡೆಗೆ ಸೆಳೆದುಕೊಳ್ಳುತ್ತದೆ. ಪಿ65 ನ್ಯೂಕ್ಲಿಯಸ್‌ನಲ್ಲಿದ್ದರೂ ಆಗ ಅದರ ಕೈ ಕಟ್ಟಿದಂತಾಗುತ್ತದೆ. ಪಿ65ನ ಜಾಗ ನೋಡಿ ಮಾತ್ರ ಉರಿಯೂತವನ್ನು ಅಳೆಯಬಾರದು ಎನ್ನುವುದಕ್ಕೆ ಇದು ಬಲವಾದ ಕಾರಣ.

ಕೋಶದ ಆಕಾರವೂ ಈ ಲೆಕ್ಕದಲ್ಲಿ ಸೇರುತ್ತದೆ. ಹರಿವಿನ ದಿಕ್ಕು ಕೋಶದ ಉದ್ದನೆಯ ಅಕ್ಷಕ್ಕೆ ಅಡ್ಡವಾಗಿದ್ದಾಗ ಎನ್‌ಎಫ್-ಕಪ್ಪಾ-ಬಿ ಹೆಚ್ಚು ಚುರುಕಾಗುತ್ತದೆ, ಅಕ್ಷದ ಉದ್ದಕ್ಕೇ ಹರಿದಾಗ ಇಎನ್‌ಒಎಸ್ ಕೆಲಸ ಮಾಡುತ್ತದೆ ಎಂದು 2013ರ ಪ್ರಯೋಗಗಳು ತೋರಿಸಿದವು. ಒಂದು ಗಂಟೆಯ ಸ್ಲೈಡ್ ನೋಡಿ: ಕೋಶಗಳಿನ್ನೂ ಹಾಸುಗಲ್ಲಿನಂತೆ ಬಹುಭುಜ, ಯಾವ ದಿಕ್ಕಿಗೂ ಮುಖ ಮಾಡಿಲ್ಲ. 24 ಗಂಟೆಯ ಲ್ಯಾಮಿನಾರ್ ಸ್ಲೈಡ್‌ನಲ್ಲಿ ಅವು ಉದ್ದವಾಗಿ, ಆಕ್ಟಿನ್ ಎಳೆಗಳನ್ನು ಹರಿವಿನ ನೇರಕ್ಕೆ ಎಳೆದುಕೊಂಡು ಮಲಗಿರುತ್ತವೆ. ಓಲಾಟದ ಸ್ಲೈಡ್‌ನಲ್ಲಿ 24 ಗಂಟೆಯ ನಂತರವೂ ಹಾಸುಗಲ್ಲೇ. ದಿಕ್ಕು ಕ್ಷಣಕ್ಷಣಕ್ಕೆ ಬದಲಾಗುವುದರಿಂದ ಆ ಕೋಶಗಳ ಪಾಲಿಗೆ ಹರಿವಿನ ಆರಂಭ ಮುಗಿಯುವುದೇ ಇಲ್ಲ. ಈ ಎರಡು ಹರಿವುಗಳ ಭೇದ ಹುಡುಕಬೇಕಾದದ್ದು ಅಲ್ಲಿ, ಮೊದಲ ಗಂಟೆಯಲ್ಲಲ್ಲ.

ಫೈಬ್ರೊನೆಕ್ಟಿನ್ ಲೇಪದ ಪಾಲು

ಈ ಪ್ರಕರಣದಲ್ಲಿ ಯಾರೂ ಅನುಮಾನಿಸದೆ ಬಿಡುವ ಅಂಶ ತಳದ ಲೇಪ. ಕೋಶ ಬೇಗ ಅಂಟಲಿ, ಹರಿವಿಗೆ ಕಿತ್ತುಹೋಗದಿರಲಿ ಎಂದು ಫೈಬ್ರೊನೆಕ್ಟಿನ್ ಬಳಸುವುದು ವಾಡಿಕೆ. ಆದರೆ ಫೈಬ್ರೊನೆಕ್ಟಿನ್ ಅಥವಾ ಫೈಬ್ರಿನೊಜೆನ್ ಮೇಲೆ ಕೂತ ಕೋಶದಲ್ಲಿ ಹರಿವು ಎನ್‌ಎಫ್-ಕಪ್ಪಾ-ಬಿಯನ್ನು ಎಬ್ಬಿಸುತ್ತದೆ. ಕೊಲಾಜೆನ್ ಅಥವಾ ಲ್ಯಾಮಿನಿನ್ ಮೇಲೆ ಕೂತ ಅದೇ ಕೋಶದಲ್ಲಿ ಎಬ್ಬಿಸುವುದಿಲ್ಲ. ಕೊಲಾಜೆನ್‌ಗೆ ಅಂಟುವ ಇಂಟೆಗ್ರಿನ್ ಪ್ರೋಟೀನ್ ಕೈನೇಸ್-ಎ ಮೂಲಕ ಪಿಎಕೆ ಎಂಬ ಕಿಣ್ವವನ್ನು ತಡೆದು ಆ ದಾರಿಯನ್ನು ಮುಚ್ಚುತ್ತದೆ. ಆರೋಗ್ಯವಂತ ರಕ್ತನಾಳದಲ್ಲಿ ಎಂಡೋಥೀಲಿಯಲ್ ಕೋಶದ ಕೆಳಗಿರುವುದು ಮುಖ್ಯವಾಗಿ ಕೊಲಾಜೆನ್-4 ಮತ್ತು ಲ್ಯಾಮಿನಿನ್. ಫೈಬ್ರೊನೆಕ್ಟಿನ್ ಅಲ್ಲಿ ಹೆಚ್ಚಾಗುವುದು ಗಾಯವಾದಾಗ ಮತ್ತು ಪ್ಲಾಕ್ (ಗೋಡೆಯಲ್ಲಿ ಕಟ್ಟುವ ಕೊಬ್ಬಿನ ಗಡ್ಡೆ) ಬೆಳೆಯಲಿರುವ ಜಾಗಗಳಲ್ಲಿ. ಹೀಗಾಗಿ ನಮ್ಮ ಸ್ಲೈಡ್, ಬಳಸಿದವರಿಗೆ ಗೊತ್ತಿಲ್ಲದೆಯೇ, ಗಾಯಗೊಂಡ ಗೋಡೆಯ ಮಾದರಿಯಾಗಿತ್ತು.

ಪರೀಕ್ಷೆಗೆ ಎರಡು ಸ್ಲೈಡ್ ಸಾಕು: ಒಂದಕ್ಕೆ ಫೈಬ್ರೊನೆಕ್ಟಿನ್, ಇನ್ನೊಂದಕ್ಕೆ ಕೊಲಾಜೆನ್-4, ಎರಡಕ್ಕೂ ಒಂದೇ ಹರಿವು, 30 ಮತ್ತು 60 ನಿಮಿಷಕ್ಕೆ ಪಿ65. ಇಲ್ಲೊಂದು ಎಚ್ಚರಿಕೆ ಬೇಕು. ಸೀರಂನಲ್ಲಿ ಫೈಬ್ರೊನೆಕ್ಟಿನ್ ಇದೆ, ಕೋಶಗಳೂ ದಿನ ಕಳೆದಂತೆ ಅದನ್ನು ತಾವೇ ಸುರಿದು ತಳಕ್ಕೆ ಹಾಸಿಕೊಳ್ಳುತ್ತವೆ. ಬಿತ್ತಿ ಎರಡು ಮೂರು ದಿನ ಬಿಟ್ಟರೆ ಎರಡು ಲೇಪಗಳ ವ್ಯತ್ಯಾಸ ಮಸುಕಾಗುತ್ತದೆ. ಆದ್ದರಿಂದ ಮೊದಲೇ ಹೆಚ್ಚು ಸಾಂದ್ರತೆಯಲ್ಲಿ ಬಿತ್ತಿ, ಪದರ ಕೂಡಿದ ಕೂಡಲೇ, ಕಡಿಮೆ ಸೀರಂನಲ್ಲಿ ಈ ಹೋಲಿಕೆ ಮಾಡಬೇಕು.

ಐಕ್ಯಾಮ್-1 ಸಾಕ್ಷಿ ಹೇಳಲಾರದು

6 ಗಂಟೆಯ ಐಕ್ಯಾಮ್-1 ಏರಿಕೆಗೆ ಉತ್ತರ ಚಿಕ್ಕದು. ಲ್ಯಾಮಿನಾರ್ ಹರಿವೇ ಐಕ್ಯಾಮ್-1ನ್ನು ಏರಿಸುತ್ತದೆ, ಇ-ಸೆಲೆಕ್ಟಿನ್ ಮತ್ತು ವಿಕ್ಯಾಮ್-1 ಏರುವುದಿಲ್ಲ. 1994ರಿಂದಲೂ ತಿಳಿದ ವಿಷಯ ಇದು. ಇದೊಂದನ್ನೇ ಉರಿಯೂತದ ಗುರುತಾಗಿ ಇಟ್ಟುಕೊಂಡರೆ ರಕ್ಷಕ ಹರಿವು ಅಪರಾಧಿಯಂತೆ ಕಾಣುತ್ತದೆ. ವಿಕ್ಯಾಮ್-1 ಹೆಚ್ಚು ನಂಬಿಕೆಗೆ ಅರ್ಹ. ಆದರೆ ಹ್ಯೂವೆಕ್‌ನಲ್ಲಿ ಅದರ ಮೂಲ ಮಟ್ಟ ಎಷ್ಟು ಕಡಿಮೆಯೆಂದರೆ, ಪ್ರಚೋದನೆ ಕೊಡದೆ ಅಳೆದರೆ ಮೂರೂ ಸ್ಲೈಡ್‌ಗಳಲ್ಲಿ ಏನೂ ಕಾಣದೆ ಹೋಗಬಹುದು.

ಆದ್ದರಿಂದ ಕೇಳಬೇಕಾದ ಪ್ರಶ್ನೆಯನ್ನೇ ಬದಲಿಸಬೇಕು. 24 ಗಂಟೆ ಹರಿವಿನಲ್ಲಿ ಇದ್ದ ಕೋಶಕ್ಕೆ ಟಿಎನ್‌ಎಫ್-ಆಲ್ಫಾ ಕೊಟ್ಟಾಗ ಅದು ಎಷ್ಟು ಕೆರಳುತ್ತದೆ? ಲ್ಯಾಮಿನಾರ್ ಹರಿವಿಗೆ ಹೊಂದಿಕೊಂಡ ಕೋಶದಲ್ಲಿ ವಿಕ್ಯಾಮ್-1 ಏರಿಕೆ ಸ್ಟ್ಯಾಟಿಕ್‌ಗಿಂತ ಕಡಿಮೆ ಇರುತ್ತದೆ. ಹರಿವಿನ ರಕ್ಷಣೆಯನ್ನು ನೇರವಾಗಿ ತೋರಿಸುವ ಅಳತೆ ಇದು. 10 ನ್ಯಾನೊಗ್ರಾಂ ತೀರಾ ಹೆಚ್ಚಾಗಿ ಎಲ್ಲ ಸ್ಲೈಡ್‌ಗಳನ್ನೂ ಒಂದೇ ಮಟ್ಟಕ್ಕೆ ಏರಿಸುವುದುಂಟು. 1 ನ್ಯಾನೊಗ್ರಾಂನಿಂದ ಶುರುಮಾಡಿ ಸರಿಯಾದ ಡೋಸ್ ಕಂಡುಕೊಳ್ಳುವುದು ಒಳ್ಳೆಯದು. ಮಾಧ್ಯಮದ ಡಬ್ಬಿಯ ಮೇಲಿನ ಪಟ್ಟಿಯನ್ನೂ ಓದಿ: ಎಂಡೋಥೀಲಿಯಲ್ ಬೆಳವಣಿಗೆ ಮಾಧ್ಯಮಗಳಲ್ಲಿ ಹಲವಕ್ಕೆ ಹೈಡ್ರೊಕಾರ್ಟಿಸೋನ್ ಬೆರೆಸಿರುತ್ತಾರೆ. ಅದು ಎನ್‌ಎಫ್-ಕಪ್ಪಾ-ಬಿಯನ್ನು ತಾನೇ ಅಡಗಿಸುತ್ತದೆ.

ತಿದ್ದಿದ ಪ್ರಯೋಗ

ಲೇಪಕ್ಕೆ ಕೊಲಾಜೆನ್-4. ಫೈಬ್ರೊನೆಕ್ಟಿನ್ ಸ್ಲೈಡ್‌ಗಳನ್ನು ಪ್ರತ್ಯೇಕ ಗುಂಪಾಗಿ ಉಳಿಸಿಕೊಳ್ಳಬೇಕು, ಬಿಟ್ಟುಬಿಡಬಾರದು. ಹರಿವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು: 2 ಡೈನ್‌ನಲ್ಲಿ ಅರ್ಧ ಗಂಟೆ, 5ರಲ್ಲಿ ಅರ್ಧ ಗಂಟೆ, ಆಮೇಲೆ 12. ಇದರಿಂದ ಕೋಶ ಕಿತ್ತುಹೋಗುವುದು ತಪ್ಪುತ್ತದೆ, ಆರಂಭದ ಏಟೂ ತಗ್ಗುತ್ತದೆ. ಆರಂಭದ ಸಂಕೇತವನ್ನೇ ಅಧ್ಯಯನ ಮಾಡುವವರು ಮಾತ್ರ ಈ ಮೆಟ್ಟಿಲುಗಳನ್ನು ಬಿಟ್ಟು ನೇರ 12ಕ್ಕೆ ಹೋಗಬೇಕು. ಸಮಯಗಳು 0, 15, 30, 60 ನಿಮಿಷ, ನಂತರ 4, 8, 24 ಗಂಟೆ. ಪ್ರತಿ ಸಮಯಕ್ಕೂ ಬೇರೆ ಸ್ಲೈಡ್ ಬೇಕು. ಒಂದೇ ಸ್ಲೈಡನ್ನು ನಿಲ್ಲಿಸಿ, ನೋಡಿ, ಮತ್ತೆ ಓಡಿಸಿದರೆ ಪ್ರತಿ ಮರುಆರಂಭವೂ ಹೊಸ ಪ್ರಚೋದನೆಯಾಗುತ್ತದೆ. ಮಾಧ್ಯಮ ಬದಲಿಸಲು ಪಂಪ್ ನಿಲ್ಲಿಸುವುದಕ್ಕೂ ಇದೇ ಮಾತು. 24 ಗಂಟೆಗೆ ಸಾಕಾಗುವಷ್ಟು, 12 ಮಿ.ಲೀ.ನಷ್ಟಾದರೂ ಮಾಧ್ಯಮವನ್ನು ಮೊದಲೇ ತುಂಬಿಸಿ.

ಓಲಾಟದ ಸ್ಲೈಡ್‌ಗೆ ಹೆಚ್ಚು ಗಮನ ಬೇಕು. ಸೆಕೆಂಡಿಗೊಮ್ಮೆ ±5 ಡೈನ್ ಓಲಾಡಿಸಲು ಗರಿಷ್ಠ ಹರಿವು ನಿಮಿಷಕ್ಕೆ ಸುಮಾರು 5.6 ಮಿ.ಲೀ. ಆದರೆ ಒಂದು ಅರ್ಧ ಓಲಾಟದಲ್ಲಿ ಸರಿಯುವ ದ್ರವ ಕೇವಲ 30 ಮೈಕ್ರೊಲೀಟರ್. ಚಾನೆಲ್‌ನಲ್ಲಿರುವುದು 100. ಅಂದರೆ ನಡುಭಾಗದ ಕೋಶಗಳ ಮೇಲೆ ಅದೇ ದ್ರವ ಗಂಟೆಗಟ್ಟಲೆ ಅತ್ತಿತ್ತ ಆಡುತ್ತದೆ. ಆಮ್ಲಜನಕ ಕುಗ್ಗುತ್ತದೆ, ಕೋಶಗಳೇ ಬಿಟ್ಟ, ಬಿಳಿ ರಕ್ತಕಣಗಳನ್ನು ಕರೆಯುವ ಐಎಲ್-8, ಎಂಸಿಪಿ-1 ಅಲ್ಲೇ ಶೇಖರವಾಗುತ್ತವೆ. 24 ಗಂಟೆಯ ನಂತರ ಕಂಡ ಉರಿಯೂತದಲ್ಲಿ ಓಲಾಟದ ಪಾಲೆಷ್ಟು, ಹಳಸಿದ ಮಾಧ್ಯಮದ ಪಾಲೆಷ್ಟು ಎಂದು ಆಗ ಹೇಳಲಾಗದು. ಓಲಾಟದ ಜೊತೆಗೆ 0.5 ಡೈನ್‌ನಷ್ಟು ನಿವ್ವಳ ಮುಂದಿನ ಹರಿವು, ನಿಮಿಷಕ್ಕೆ ಸುಮಾರು 0.56 ಮಿ.ಲೀ., ಸೇರಿಸಿದರೆ ಚಾನೆಲ್‌ನ ದ್ರವ ಸುಮಾರು 11 ಸೆಕೆಂಡಿಗೊಮ್ಮೆ ಹೊಸದಾಗುತ್ತದೆ, ಓಲಾಟದ ಗುಣವೂ ಉಳಿಯುತ್ತದೆ. ಸೆಕೆಂಡಿಗೊಂದು ಓಲಾಟದಲ್ಲಿ, ಇಷ್ಟು ತೆಳು ಚಾನೆಲ್‌ನಲ್ಲಿ, ಮೇಲಿನ ಸೂತ್ರವನ್ನೇ ಕ್ಷಣಕ್ಷಣದ ಒತ್ತಡಕ್ಕೂ ಬಳಸಬಹುದು. ದ್ರವದ ಜಡತ್ವದಿಂದ ಹರಿವು ಓಲಾಟಕ್ಕಿಂತ ಎಷ್ಟು ಹಿಂದುಳಿಯುತ್ತದೆ ಎಂದು ಸೂಚಿಸುವ ವೊಮರ್ಸ್ಲಿ ಸಂಖ್ಯೆ 0.6ರಷ್ಟಿದೆ, 1ಕ್ಕಿಂತ ಕಡಿಮೆ.

ಸ್ಟ್ಯಾಟಿಕ್ ಸ್ಲೈಡ್ ಕೂಡ ನಿಷ್ಪಕ್ಷಪಾತಿಯಲ್ಲ. ಅದರಲ್ಲಿರುವ ಮಾಧ್ಯಮ ಕೆಲವು ನೂರು ಮೈಕ್ರೊಲೀಟರ್, ಹರಿವಿನದರಲ್ಲಿ 12 ಮಿ.ಲೀ. ಮಾಧ್ಯಮದಲ್ಲಿ ಎಂಸಿಪಿ-1ನ ಸಾಂದ್ರತೆಯನ್ನಷ್ಟೇ ಹೋಲಿಸಿದರೆ ಹರಿವಿನ ಸ್ಲೈಡ್ ಯಾವಾಗಲೂ ಶಾಂತವಾಗಿ ಕಾಣುತ್ತದೆ, ಏಕೆಂದರೆ ಅಲ್ಲಿ ಎಲ್ಲವೂ ತೆಳುವಾಗಿದೆ. ಸಾಂದ್ರತೆಯನ್ನು ಒಟ್ಟು ಪ್ರಮಾಣದಿಂದ ಗುಣಿಸಿ, ಕೋಶಗಳ ಸಂಖ್ಯೆಯಿಂದ ಭಾಗಿಸಿ ಹೋಲಿಸಬೇಕು.

ಫಿಕ್ಸ್ ಮಾಡುವ ಕ್ಷಣದಲ್ಲೂ ತಪ್ಪಾಗುತ್ತದೆ. ಪಂಪ್ ನಿಲ್ಲಿಸಿ, ಟ್ಯೂಬ್ ಬಿಚ್ಚಿ, ಸ್ಲೈಡನ್ನು ಹುಡ್‌ಗೆ ಒಯ್ದು, ತೊಳೆದು, ಆಮೇಲೆ ಪ್ಯಾರಾಫಾರ್ಮಾಲ್ಡಿಹೈಡ್ ಹಾಕುವಷ್ಟರಲ್ಲಿ ಹತ್ತು ನಿಮಿಷ ಕಳೆಯುತ್ತದೆ. ಆ ಹತ್ತು ನಿಮಿಷದಲ್ಲಿ ಫಾಸ್ಫೇಟ್ ಗುರುತುಗಳು ಅಳಿಯುತ್ತವೆ, ಪಿ65 ಜಾಗ ಬದಲಿಸಬಹುದು. ಸ್ಲೈಡ್‌ನ ಮುಂದೆಯೇ ಟಿ-ಆಕಾರದ ಕವಾಟ ಇಟ್ಟು, ಅಲ್ಲಿಂದಲೇ 37 ಡಿಗ್ರಿಗೆ ಕಾಯಿಸಿದ 4 ಶೇಕಡ ಪ್ಯಾರಾಫಾರ್ಮಾಲ್ಡಿಹೈಡ್ ನಿಧಾನವಾಗಿ ಒಳಬಿಟ್ಟರೆ ಒಂದೆರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಆರ್‌ಎನ್‌ಎಗೂ ಹಾಗೆಯೇ, ಲೈಸಿಸ್ ದ್ರವವನ್ನು ಚಾನೆಲ್‌ಗೇ ಹಾಕಿ ಸಿರಿಂಜ್‌ನಲ್ಲಿ ಎಳೆದುಕೊಳ್ಳಬೇಕು. ಒಂದು ಸ್ಲೈಡ್‌ನಿಂದ ಸಿಗುವುದು ಒಂದೆರಡು ಮೈಕ್ರೊಗ್ರಾಂ ಆರ್‌ಎನ್‌ಎ ಮಾತ್ರ.

ಹರಿವು ನಿಜವಾಗಿ ಕೆಲಸ ಮಾಡಿದೆಯೇ ಎಂಬುದಕ್ಕೆ ಕೆಎಲ್‌ಎಫ್2 ಅತ್ಯುತ್ತಮ ಸಾಕ್ಷಿ. 24 ಗಂಟೆಯ ಲ್ಯಾಮಿನಾರ್ ಸ್ಲೈಡ್‌ನಲ್ಲಿ ಅದು ಸ್ಟ್ಯಾಟಿಕ್‌ಗಿಂತ ಸ್ಪಷ್ಟವಾಗಿ ಏರಿಲ್ಲದಿದ್ದರೆ, ಉರಿಯೂತದ ಯಾವ ಅಂಕಿಯನ್ನೂ ಓದುವ ಅಗತ್ಯವಿಲ್ಲ, ಮೊದಲು ಪಂಪ್ ನೋಡಿ. ಅದನ್ನು ಅಳೆಯಲು ಬಳಸಿದ ಪ್ರೈಮರ್‌ಗಳ (ಚಿಕ್ಕ ಡಿಎನ್‌ಎ ತುಣುಕುಗಳ) ಬಗ್ಗೆ ಸಂದೇಹವಿದ್ದರೆ ಹರಿವಿಲ್ಲದ ಕೋಶಗಳಿಗೆ ಸಿಮ್ವಾಸ್ಟಾಟಿನ್ ಕೊಟ್ಟ ತಟ್ಟೆಯೊಂದನ್ನು ಇಡಿ, ಸ್ಟ್ಯಾಟಿನ್‌ಗಳು ಹರಿವಿಲ್ಲದೆಯೇ ಕೆಎಲ್‌ಎಫ್2 ಏರಿಸುತ್ತವೆ.

ದೇಹದಲ್ಲಿ ಈ ಚಿತ್ರ ಎಲ್ಲಿ ಹೊಂದುತ್ತದೆ

ಕುತ್ತಿಗೆಯ ಕ್ಯಾರೊಟಿಡ್ ಅಪಧಮನಿ ಎರಡಾಗಿ ಒಡೆಯುವಲ್ಲಿ, ಒಳ ಕವಲಿನ ಬುಡ ಸ್ವಲ್ಪ ಉಬ್ಬಿಕೊಂಡಿರುತ್ತದೆ. ಅದರ ಹೊರಗೋಡೆಯ ಬಳಿ ರಕ್ತದ ಹರಿವು ಗೋಡೆ ಬಿಟ್ಟು, ಪ್ರತಿ ಬಡಿತದಲ್ಲೂ ಹಿಂದೆ ಸರಿದು ಮುಂದೆ ಬರುತ್ತದೆ. ಕೊಬ್ಬಿನ ಪ್ಲಾಕ್ ಕಟ್ಟುವುದು ಆ ಹೊರಗೋಡೆಗೆ. ಹರಿವು ರಭಸವಾಗಿ ಬಡಿಯುವ ಕವಲಿನ ಮೊನೆ ಬಹುಕಾಲ ಸ್ವಚ್ಛವಾಗಿರುತ್ತದೆ. ಹೆಚ್ಚಿನ ಶಿಯರ್ ಗೋಡೆಯನ್ನು ಕೆಡಿಸುತ್ತದೆ ಎಂಬ ಅಭಿಪ್ರಾಯ 1960ರ ದಶಕದಲ್ಲಿ ಬಲವಾಗಿತ್ತು. ಕಡಿಮೆ ಶಿಯರ್ ಇರುವಲ್ಲೇ ರೋಗ ಎಂದು ಕಾಲಿನ್ ಕ್ಯಾರೊ ಮತ್ತು ಸಂಗಡಿಗರು 1969ರಲ್ಲಿ ವಾದಿಸಿದರು. 1980ರ ದಶಕದಲ್ಲಿ ಕ್ಯಾರೊಟಿಡ್ ಕವಲಿನ ಮೇಲೆ ನಡೆದ ಅಳತೆಗಳು ಅದನ್ನು ಗಟ್ಟಿಮಾಡಿದವು, ಓಲಾಟದ ಅಂಶವನ್ನೂ ಮುಂದೆ ತಂದವು. ಸ್ಥೂಲವಾಗಿ 15 ಡೈನ್‌ಗಿಂತ ಹೆಚ್ಚಿನ ಒಂದೇ ದಿಕ್ಕಿನ ಶಿಯರ್ ರಕ್ಷಕ, 4 ಡೈನ್‌ಗಿಂತ ಕಡಿಮೆಯದು ರೋಗಕ್ಕೆ ಅನುಕೂಲ ಎಂಬ ಗಡಿ ಈಗ ಬಳಕೆಯಲ್ಲಿದೆ.

ಆದರೂ ಸ್ಲೈಡ್‌ನ ಫಲಿತಾಂಶವನ್ನು ನೇರವಾಗಿ ಆ ಹೊರಗೋಡೆಗೆ ಅಂಟಿಸುವುದು ಸರಿಯಲ್ಲ. 2000ದಲ್ಲಿ ಇಲಿಗಳ ಮಹಾಪಧಮನಿಯ ಮೇಲೆ ನಡೆದ ಅಧ್ಯಯನದಲ್ಲಿ, ರೋಗಕ್ಕೆ ಒಳಗಾಗುವ ಜಾಗಗಳ ಕೋಶಗಳಲ್ಲಿ ಪಿ65 ಮತ್ತು ಐ-ಕಪ್ಪಾ-ಬಿ ಎರಡೂ ಹೆಚ್ಚಿದ್ದವು, ಆದರೆ ಪಿ65 ನ್ಯೂಕ್ಲಿಯಸ್ ಸೇರಿದ್ದ ಕೋಶಗಳು ಕಡಿಮೆ. ಎಂಡೋಟಾಕ್ಸಿನ್ ಅಥವಾ ಅಧಿಕ ಕೊಲೆಸ್ಟರಾಲ್ ಸೇರಿದ ಮೇಲೆ ಅವು ಬೇಗ ಕೆರಳಿದವು. ಅಂದರೆ ಕೆಟ್ಟ ಹರಿವು ಕೋಶವನ್ನು ಸಿದ್ಧಸ್ಥಿತಿಯಲ್ಲಿ ಇಡುತ್ತದೆ, ಮುಂದಿನದಕ್ಕೆ ಇನ್ನೊಂದು ಪ್ರಚೋದನೆ ಬೇಕು. ನಮ್ಮ ತಿದ್ದಿದ ಪ್ರಯೋಗದಲ್ಲಿ ಹರಿವಿನ ನಂತರ ಟಿಎನ್‌ಎಫ್-ಆಲ್ಫಾ ಕೊಡುವ ಹಂತ ಈ ಕಾರಣಕ್ಕೂ ಅಗತ್ಯ. ಓಲಾಟದ ಸ್ಲೈಡ್‌ನಲ್ಲಿ ಟಿಎನ್‌ಎಫ್ ಇಲ್ಲದೆ ವಿಕ್ಯಾಮ್-1 ಕಾಣಲಿಲ್ಲ ಎಂದ ಮಾತ್ರಕ್ಕೆ ಪ್ರಯೋಗ ವಿಫಲವಾಯಿತು ಎಂದು ಬರೆಯಬೇಡಿ. ಟಿಎನ್‌ಎಫ್ ಕೊಟ್ಟ ಮೇಲೆ ಲ್ಯಾಮಿನಾರ್ ಮತ್ತು ಓಲಾಟದ ಸ್ಲೈಡ್‌ಗಳ ನಡುವೆ ಎಷ್ಟು ಅಂತರ ಉಳಿದಿದೆ ಎಂದು ಅಳೆಯಿರಿ. ವರದಿಯಲ್ಲಿ ಆ ಅಂಕಿಯ ಪಕ್ಕದಲ್ಲೇ ಲೇಪ, ಬಳಸಿದ ಸ್ನಿಗ್ಧತೆ, ಹರಿವು ಏರಿಸಿದ ಕ್ರಮ ಮತ್ತು ಹರಿವು ನಿಲ್ಲಿಸಿ ಫಿಕ್ಸ್ ಮಾಡಲು ಹಿಡಿದ ನಿಮಿಷಗಳನ್ನು ಬರೆಯಿರಿ.